ಚೊಕ್ಕ ಐತಿ, ಒಯ್ರಿ

ಅವರ ಬಲಗೈಯ ಹೆಬ್ಬೆರಳನ್ನು ನೋಡಿದರೆ ಬೇರೆ ಯಾರದೋ ಕೈಯಿಂದ ಎರವಲು ತಂದು ಅಂಟಿಸಿದ್ದಾರೆ ಅನ್ನಿಸುತ್ತಿತ್ತು. ಮಿಕ್ಕ ಬೆರಳುಗಳೆಲ್ಲ ಸಪೂರ. ಅದೊಂದು ಮಾತ್ರ ಅಗಲವಾಗಿ, ಚಪ್ಪಟೆಯಾಗಿ, ಒಗೆಯುವ ಕಲ್ಲಿನ ಮೂಲೆಯ ಹಾಗೆ ಸವೆದು ಹೊಳೆಯುತ್ತಿತ್ತು. ಹರೆಯದಿಂದಲೂ ಅವರು ದಿನಾ ಬೆಳಿಗ್ಗೆ ಆ ಹೆಬ್ಬೆರಳಿನಿಂದ ಕುರಿಯ ಕಲೀಜವನ್ನು, ಅಂದರೆ ಲಿವರನ್ನು, ಅಂಚಿನಿಂದ ಅಂಚಿಗೆ ಒತ್ತಿ ಒತ್ತಿ ನೋಡುತ್ತಿದ್ದರು. ಒತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಗಿರಾಕಿ ಎಷ್ಟೇ ಅವಸರ ಮಾಡಲಿ, ಬೆರಳು ತನ್ನ ಪ್ರದಕ್ಷಿಣೆ ಮುಗಿಸುವ ತನಕ ಮಾತಿಲ್ಲ. ಎಲ್ಲೂ ತಡೆಯದೆ ಮುಗಿದರೆ ಕಣ್ಣು ತೆರೆದು, ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತ "ಚೊಕ್ಕ ಐತಿ, ಒಯ್ರಿ" ಅನ್ನುತ್ತಿದ್ದರು.

ತಡೆಯಿತೆಂದರೆ ಅಲ್ಲೊಂದು ನೀರ್ಗುಳ್ಳೆ ಇದೆ ಎಂದೇ ಅರ್ಥ. ಬಿಳಿ ಪೊರೆಯೊಳಗೆ ತಿಳಿನೀರು ತುಂಬಿದ ಗುಳ್ಳೆ. ಕೆಲವು ದ್ರಾಕ್ಷಿಯಷ್ಟು, ಕೆಲವು ನಿಂಬೆಹಣ್ಣಿನಷ್ಟು. ಕೂಡ್ಲಿಗಿಯ ಬೇರೆ ಮಟನ್ ಅಂಗಡಿಗಳಲ್ಲಿ ಗುಳ್ಳೆಯನ್ನಷ್ಟೇ ಕೆತ್ತಿ ಉಳಿದದ್ದನ್ನು ತೂಗಿಬಿಡುತ್ತಿದ್ದರು. ಇವರು ಇಡೀ ಕಲೀಜವನ್ನೇ ಬಿಡುತ್ತಿದ್ದರು. ಗಿರಾಕಿಗೆ ಎತ್ತಿ ತೋರಿಸಿ, "ಇಂಥದ್ದು ಮಂದಿಗೆ ಕೊಟ್ರ ನಾ ಉಂಡನ್ನ ಮೈಗೆ ಹತ್ತಂಗಿಲ್ಲ" ಎಂದು ಹಿಂದಕ್ಕೆ ಎಸೆಯುತ್ತಿದ್ದರು. ಅಲ್ಲಿ ಅವರ ನಾಯಿಗಳು ಸಾಲಾಗಿ ಕೂತಿರುತ್ತಿದ್ದವು.

ಮೂರು ನಾಯಿ. ತಹಸೀಲ್ದಾರ, ಶಿರಸ್ತೇದಾರ, ಜವಾನ. ತಾಲೂಕು ಕಚೇರಿಯ ಊರಿನಲ್ಲಿ ನಾಯಿಗಳಿಗೆ ಇಂಥ ಹೆಸರಿಡಲು ಧೈರ್ಯ ಬೇಕು. ಇವರಿಗಿದ್ದದ್ದು ಧೈರ್ಯವಲ್ಲ, ಬರೀ ತಮಾಷೆ. ಭಾನುವಾರ ತಹಸೀಲ್ದಾರ್ ಸಾಹೇಬರ ಜೀಪಿನ ಡ್ರೈವರ್ ಮಟನ್ನಿಗೆ ಬಂದು ನಿಂತಾಗಲೇ "ಲೇ ತಹಸೀಲ್ದಾರ, ಜವಾನನ ಪಾಲಿಗೆ ಬಾಯಿ ಹಾಕಬ್ಯಾಡಲೇ" ಎಂದು ಕೂಗುತ್ತಿದ್ದರು. ಆ ಮಾತು ಸಾಹೇಬರ ಕಿವಿಗೂ ಬಿತ್ತಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕಚೇರಿಯಲ್ಲೂ ಅದೇ ನಡೆಯುತ್ತಿದೆ ಅಂದರಂತೆ.

ನಾನು ಆಗ ಹೊಸದಾಗಿ ಪ್ರೈಮರಿ ಸ್ಕೂಲಿನ ಟೀಚರಾಗಿ ಕೂಡ್ಲಿಗಿಗೆ ಬಂದಿದ್ದೆ. ಎಂಬತ್ತರ ದಶಕದ ಶುರುವಿನ ಮಾತು. ತವರು ಹರಪನಹಳ್ಳಿ ಕಡೆಯ ಅರಸೀಕೆರೆ. ನಮ್ಮವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಬಾಡಿಗೆ ಮನೆ ಹುಡುಕಿಕೊಂಡು ಓಣಿ ಓಣಿ ತಿರುಗಿದೆವು. ಎಲ್ಲ ಮನೆಯವರೂ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅದನ್ನು ಅವರು ಸುತ್ತಿ ಬಳಸಿ ಕೇಳುತ್ತಿದ್ದರು, ನಾವು ನೆಟ್ಟಗೆ ಉತ್ತರ ಹೇಳುತ್ತಿದ್ದೆವು, ಆಮೇಲೆ ಅವರಿಗೆ ತಟ್ಟನೆ ನೆನಪಾಗುತ್ತಿತ್ತು, ಮನೆ ಕೊಡುತ್ತೇವೆಂದು ಆಗಲೇ ನೆಂಟರಿಗೆ ಮಾತು ಕೊಟ್ಟಿದ್ದೇವೆ ಎಂದು. ಕೂಡ್ಲಿಗಿಯಲ್ಲಿ ಎಲ್ಲರಿಗೂ ಅಷ್ಟೊಂದು ನೆಂಟರು. ಕೊನೆಗೆ ಯಾರೋ ಮಟನ್ ಅಂಗಡಿಯವರ ಹಿತ್ತಿಲ ಮನೆ ಖಾಲಿ ಇದೆ ಅಂದರು. ಅಲ್ಲಿಗೆ ಹೋದೆವು. ಅವರು ಕತ್ತಿ ಮಸೆಯುತ್ತಿದ್ದವರು ತಲೆಯೆತ್ತಿ, ನನ್ನ ಸೊಂಟದ ಮೇಲಿದ್ದ ಮಗಳನ್ನು ನೋಡಿ ಕೇಳಿದರು:

"ನಾಯಿಗೆ ಅಂಜ್ತೀರೇನ್ರಿ?"

ಇಲ್ಲ ಅಂದೆವು. "ಹಂಗಾರ ಸಾಮಾನು ತರ್ರಿ" ಅಂದರು. ಅಷ್ಟೇ. ನಾವು ಗೋಡೆಗೆ ಬುದ್ಧನ ಪಟ ಹಾಕಲು ಮೊಳೆ ಹುಡುಕುತ್ತಿದ್ದಾಗ ತಾವೇ ಮೊಳೆ ತಂದು ಹೊಡೆದುಕೊಟ್ಟರು, ಕತ್ತಿಯ ಹಿಂಬದಿಯಿಂದ. ಪಟ ಸ್ವಲ್ಪ ಓರೆಯಾಗಿ ಕೂತಿತು. ಆ ಮನೆ ಬಿಡುವ ತನಕ ನಾನು ಅದನ್ನು ನೆಟ್ಟಗೆ ಮಾಡಲಿಲ್ಲ.

ನಾನು ಅವರನ್ನು ಅಣ್ಣ ಎಂದೆ, ಅವರ ಹೆಂಡತಿಯನ್ನು ಅತ್ತಿಗೆ ಎಂದೆ. ಅವರ ಒಬ್ಬಳೇ ಮಗಳನ್ನು ಹಡಗಲಿಗೆ ಕೊಟ್ಟಿದ್ದರು. ಹಾಗಾಗಿ ಅವರ ಮನೆಯಲ್ಲಿ ಮಗುವಿನ ಜಾಗ ಖಾಲಿಯಿತ್ತು. ನನ್ನ ಮಗಳು ಹೋಗಿ ಅದರಲ್ಲಿ ಕೂತಳು. ಅವಳನ್ನು ಸಣ್ಣಮ್ಮ ಎಂದು ಕರೆಯುತ್ತಿದ್ದರು. ನಾನು ಸ್ಕೂಲಿಗೆ ಹೋದರೆ ಅವಳು ಅತ್ತಿಗೆಯ ಮಡಿಲಲ್ಲಿ, ಇಲ್ಲವೆ ಜವಾನನ ಕುತ್ತಿಗೆಯಲ್ಲಿ. ಜವಾನ ಆ ಮೂರರಲ್ಲಿ ಚಿಕ್ಕದು, ಒಂದು ಕಿವಿ ಹರಿದದ್ದು. ಅದು ಅವಳ ಮುಖವನ್ನು ನೆಕ್ಕುವುದು, ಇವಳು ಕಿಲಕಿಲ ನಗುವುದು, ಆ ಕೈಯಲ್ಲೇ ರೊಟ್ಟಿ ಮುರಿದು ಅದಕ್ಕೊಂದು ತುಂಡು, ತನಗೊಂದು ತುಂಡು. ನೋಡಿದವರೆಲ್ಲ ಮೆಚ್ಚಿಕೊಳ್ಳುತ್ತಿದ್ದರು. ನಾನೂ ಮೆಚ್ಚಿಕೊಂಡೆ.

ಅಣ್ಣನಿಗೆ ಸಿಟ್ಟೇ ಬರುತ್ತಿರಲಿಲ್ಲ. ಇದು ನನಗೆ ಮೊದಮೊದಲು ನಂಬಲಾಗದ ಸಂಗತಿ. ಕೈಯಲ್ಲಿ ಯಾವಾಗಲೂ ಕತ್ತಿ ಹಿಡಿದ ಮನುಷ್ಯ ದನಿ ಎತ್ತರಿಸಿದ್ದನ್ನು ಒಮ್ಮೆಯೂ ಕೇಳಲಿಲ್ಲ. ಬೋಟಿ, ಅಂದರೆ ಕರುಳು, ಸರಿಯಾಗಿ ತೊಳೆದಿಲ್ಲ ಎಂದು ವಾಪಸು ತಂದು ಬೈದು ಹೋದ ಗಿರಾಕಿಗೂ "ನಿಮ್ಮ ಬಾಯಾಗಿನ ಮಾತು ಬೋಟಿಗಿಂತ ಖಾರ ಅದಾವ್ರಿ" ಎಂದು ನಗುತ್ತಲೇ ಮತ್ತೆ ತೊಳೆದುಕೊಡುತ್ತಿದ್ದರು. ಅತ್ತಿಗೆಗೆ ಅದೇ ದೊಡ್ಡ ತಲೆನೋವು. ಜಗಳಕ್ಕೆ ಕರೆದರೂ ಬಾರದ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದರು.

ಅವರ ಮೈ ಮಾತ್ರ ಅಷ್ಟು ಸಮಾಧಾನದ್ದಲ್ಲ. ಆಗಾಗ ಪಿತ್ತದ ಗಂಧೆ ಏಳುತ್ತಿತ್ತು. ಬೆಳಿಗ್ಗೆ ಚೆನ್ನಾಗಿದ್ದವರ ಬೆನ್ನು, ಹೊಟ್ಟೆ, ತೋಳೆಲ್ಲ ಮಧ್ಯಾಹ್ನದ ಹೊತ್ತಿಗೆ ಕೆಂಪು ದದ್ದು. ಅತ್ತಿಗೆ ಅವರನ್ನು ಕಂಬಳಿಯಲ್ಲಿ ತಿಕ್ಕಿ, ಮೈತುಂಬ ಕಾವಿಮಣ್ಣು ಬಳಿದು ಕೂರಿಸುತ್ತಿದ್ದರು. ಕಾವಿ ಮೆತ್ತಿಕೊಂಡು ಜಗಲಿಯ ಮೇಲೆ ಕೂತ ಅಣ್ಣನನ್ನು ನೋಡಿ ಓಣಿಯವರು ಕೈಮುಗಿದು ಹೋಗುತ್ತಿದ್ದರು, ಇವರು ಗಂಭೀರವಾಗಿ ಆಶೀರ್ವಾದ ಮಾಡುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಎದೆಯಲ್ಲಿ ಏನೋ ಒತ್ತಿದ ಹಾಗೆ ಆಗುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಗ್ಯಾಸು. ಅಜವಾನ ಜಗಿದು, ತೇಗು ಬಂದರೆ ವಾಸಿಯಾಯಿತು ಎಂದು ತಿಳಿಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಟಗರನ್ನು ತೂಗುಹಾಕಲು ಎತ್ತಿದವರು ಹಾಗೇ ಕುಸಿದು ಕೂತರು. ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಹೇಳುವುದು ಇವರಿಗೆ ತಿಳಿಯುವುದಿಲ್ಲ, ನೀವೊಂದು ಹೆಜ್ಜೆ ಬನ್ನಿ ಎಂದು ಅತ್ತಿಗೆ ಕೇಳಿಕೊಂಡರು. ಸ್ಕೂಲಿಗೆ ಒಂದು ದಿನ ರಜೆ ಹಾಕಿದೆ. ಮಗಳನ್ನು ಅತ್ತಿಗೆಯ ಹತ್ತಿರ ಬಿಟ್ಟು ಹೊರಟೆ.

ಬಳ್ಳಾರಿಯ ಡಾಕ್ಟರು ಎಕ್ಸರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೃದಯದ ನೆರಳಿನ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು ಗುಂಡನೆಯ ನೆರಳಿತ್ತು. ಅದು ಏನೆಂದು ಗಟ್ಟಿ ಮಾಡಿಕೊಳ್ಳಲು ಅಣ್ಣನ ಮುಂಗೈಯ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಒಂದು ಹನಿ ಔಷಧಿ ಹಾಕಿ, ಕಾಯಿರಿ ಅಂದರು. ನಾವು ಕಾದೆವು. ನೋಡನೋಡುತ್ತಿದ್ದಂತೆ ಸೂಜಿ ಚುಚ್ಚಿದ ಕಡೆ ಚರ್ಮ ಉಬ್ಬಿ, ಹಪ್ಪಳ ಎದ್ದ ಹಾಗೆ ಎದ್ದು, ಸುತ್ತ ಕೆಂಪಾಯಿತು. ಅಣ್ಣ ಅದನ್ನು ಹೆಬ್ಬೆರಳಿನಿಂದ ಒತ್ತಲು ಹೋದರು. ಡಾಕ್ಟರು ಬೇಡ ಅಂದರು.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತು ಸಮಾಧಾನವಾಗಿ ವಿವರಿಸಿದರು. ನಿಮ್ಮ ಹೃದಯದ ಗೋಡೆಯಲ್ಲಿ ನೀರುಗುಳ್ಳೆ ಇದೆ. ಅದು ಒಂದು ಹುಳದ ಮರಿಗಳ ಮನೆ. ಬಹಳ ವರ್ಷದ ಹಿಂದೆಯೇ ನಿಮ್ಮ ಮೈ ಸೇರಿದೆ. ಮೈ ಅದನ್ನು ಹೊರಗೆ ಹಾಕಲು ಹೋರಾಡಿ, ಆಗದೆ, ಸುತ್ತ ಒಂದು ಗೋಡೆ ಕಟ್ಟಿಕೊಂಡು ಸುಮ್ಮನಾಗಿದೆ. ಸುಮ್ಮನಾಗಿದೆ ಅಷ್ಟೇ, ಮರೆತಿಲ್ಲ. ಅದರ ಗುರುತು ಸಿಕ್ಕಿದ್ದಕ್ಕೇ ಮುಂಗೈ ಹೀಗೆ ಉಬ್ಬಿದ್ದು. ನಿಮಗೆ ಏಳುವ ಗಂಧೆಯೂ ಅದೇ. ಗುಳ್ಳೆಯಿಂದ ಒಂದಿಷ್ಟು ಜಿನುಗಿದಾಗಲೆಲ್ಲ ಮೈ ಕೆರಳುತ್ತದೆ. ಗುಳ್ಳೆ ಒಡೆದರೆ ಆ ಸಿಟ್ಟೆಲ್ಲ ಒಂದೇ ಸಲ ಬರುತ್ತದೆ. ಆಗ ಕೊಲ್ಲುವುದು ಹುಳ ಅಲ್ಲ.

"ಅಂದ್ರ ನಮ್ಮ ಮೈಯೇ ನಮ್ಮನ್ನ ಹೊಡಿತೈತೇನ್ರಿ?" ಎಂದು ಅಣ್ಣ ಕೇಳಿದರು. ಡಾಕ್ಟರು ಹೌದು ಅಂದರು. ಮದರಾಸಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು, ತಡ ಮಾಡಬಾರದು, ಅಲ್ಲಿಯ ತನಕ ಭಾರ ಎತ್ತಕೂಡದು ಅಂದರು. ಹೃದಯದಲ್ಲಿ ಇದು ಬರುವುದು ಅಪರೂಪ, ಸಾಮಾನ್ಯವಾಗಿ ಲಿವರಿನಲ್ಲೋ ಪುಪ್ಪುಸದಲ್ಲೋ ಇರುತ್ತದೆ ಎಂದೂ ಹೇಳಿದರು. ಎಲ್ಲ ಹೇಳಿ ಮುಗಿದ ಮೇಲೆ, ನಾಯಿ ಸಾಕಿದ್ದೀರಾ ಎಂದು ಕೇಳಿದರು.

ಪಾಪ, ಅಣ್ಣನ ಮುಖ ಅರಳಿತು. ಮೂರು ಅದಾವು ಅಂದರು. ಏನು ತಿನ್ನಿಸುತ್ತೀರಿ ಎಂಬುದಕ್ಕೆ ಬಡಾಯಿಯಿಂದಲೇ ಉತ್ತರ ಹೇಳಿದರು: ನಾನು ಗುಳ್ಳೆ ಇದ್ದ ಕಲೀಜ ಮನುಷ್ಯರಿಗೆ ಮಾರುವವನಲ್ಲ, ಎಲ್ಲ ನಾಯಿಗೇ ಹಾಕುತ್ತೇನೆ. ಡಾಕ್ಟರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನನ್ನು ಸರಿಪಡಿಸಿ ಇಡುತ್ತ ಕೂತರು. ಆಮೇಲೆ ಆ ಹುಳ ತಿರುಗುವ ಸುತ್ತನ್ನು ಬಿಡಿಸಿ ಹೇಳಿದರು. ಕುರಿಯ ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಅದು ಹುಳವಾಗುತ್ತದೆ. ಹುಳದ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬಂದು, ಅದರ ಕೂದಲಿಗೆ, ನಾಲಿಗೆಗೆ, ನೆಲದ ಮಣ್ಣಿಗೆ ಅಂಟುತ್ತದೆ. ಹುಲ್ಲಿನ ಜೊತೆ ಕುರಿಗೆ ಹೋಗುತ್ತದೆ, ಕೈಯ ಮೂಲಕ ಮನುಷ್ಯನ ಬಾಯಿಗೆ ಹೋಗುತ್ತದೆ. ಗುಳ್ಳೆಯನ್ನು ಮನುಷ್ಯ ಬೇಯಿಸಿ ತಿಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಗಿರಾಕಿಗೆ ಮಾರಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತರು. ಸಂಡೂರಿನ ಹತ್ತಿರ ಅದಿರಿನ ಲಾರಿಗಳ ಕೆಂಧೂಳು ಕಿಟಕಿಯೊಳಗೆ ನುಗ್ಗಿತು. ನಾನು ಸೆರಗು ಮುಚ್ಚಿಕೊಂಡೆ, ಅವರು ಕಣ್ಣು ಕೂಡ ಮಿಟುಕಿಸಲಿಲ್ಲ. ತಮ್ಮ ಹೃದಯದ ಚಿಂತೆಯಲ್ಲಿದ್ದಾರೆ ಅಂದುಕೊಂಡೆ. ಕೂಡ್ಲಿಗಿ ಇನ್ನೇನು ಬಂತು ಅನ್ನುವಾಗ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

"ಹಂಗಾರ ಸಣ್ಣಮ್ಮ?"

ಚಳಿಗಾಲ ಬಂದರೆ ಬಿಡದ ಅವಳ ಕೆಮ್ಮು, ನಾನು ಕುದಿಸಿ ಕುಡಿಸುತ್ತಿದ್ದ ತುಳಸಿ ಕಷಾಯ, ಜವಾನನ ನಾಲಿಗೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಡಾಕ್ಟರು ಅಷ್ಟೆಲ್ಲ ಬಿಡಿಸಿ ಹೇಳಿದಾಗ ನನಗೆ ಹೊಳೆಯದಿದ್ದದ್ದು ಅವರಿಗೆ ಹೊಳೆದಿತ್ತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಓಣಿಯ ಮನೆಮನೆಗೂ ಹೋದರು. ನಮ್ಮ ನಾಯಿಗಳ ಜೊತೆ ಆಡಿದ ಮಕ್ಕಳಿಗೆಲ್ಲ ಬಳ್ಳಾರಿಯಲ್ಲಿ ಎದೆಯ ಫೋಟೋ ತೆಗೆಸಬೇಕು, ನನ್ನಿಂದ ಹೀಗಾಗಿದೆ, ನನಗೇ ಬಂದಿದೆ, ಮಕ್ಕಳಿಗೂ ಬಂದಿರಬಹುದು ಎಂದು ಬಾಗಿಲಲ್ಲೇ ನಿಂತು ಹೇಳಿದರು. ಕೆಲವರು ಹೆದರಿದರು, ಕೆಲವರು ಬೈದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು. ಮಧ್ಯಾಹ್ನದ ಹೊತ್ತಿಗೆ ಮಟನ್ನಿನಲ್ಲಿ ಹುಳ ಬಿದ್ದಿದೆ ಎಂದಾಯಿತು, ಸಂಜೆಗೆ ಅದು ಹರಪನಹಳ್ಳಿ ಬಸ್ಸು ಹತ್ತಿತು. ಮಟನ್ ತಿಂದರೆ ಬರುವುದಿಲ್ಲ, ಕೈ ತೊಳೆಯದೆ ತಿಂದರೆ ಬರುತ್ತದೆ ಎಂದು ನಾನು ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಕುರಿ, ನಾಯಿ, ಕೈ ಎಲ್ಲ ಬರೆದು ತೋರಿಸಿದೆ. ಮಕ್ಕಳಿಗೆ ಅರ್ಥವಾಯಿತು, ಅವರ ಅಪ್ಪಂದಿರಿಗೆ ಆಗಲಿಲ್ಲ. ಬೇರೆ ಮಟನ್ ಅಂಗಡಿಯವರೆಲ್ಲ ಕೂಡಿ ಅಣ್ಣನ ಜಗಲಿಗೆ ಬಂದರು. ಅವರಲ್ಲಿ ಹಿರಿಯನೊಬ್ಬ, ಇವರಿಗೆ ವಾವೆಯಲ್ಲಿ ದೊಡ್ಡಪ್ಪನಾಗಬೇಕು, ತಲೆ ಚಚ್ಚಿಕೊಂಡ. ನಿನ್ನ ಬಾಯಿಂದ ನಮ್ಮೆಲ್ಲರ ಹೊಟ್ಟೆಯ ಮೇಲೆ ಕಲ್ಲು ಬಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದ.

"ದೊಡ್ಡಪ್ಪಾ, ಕಲೀಜದಾಗ ಗುಳ್ಳಿ ಕಂಡ್ರ ಎಂದರ ಮುಚ್ಚಿ ಕಟ್ಟಿಕೊಟ್ಟೀನೇನು?" ಎಂದರು ಅಣ್ಣ.

ಹಿರಿಯನ ಸಿಟ್ಟು ಇಳಿಯಲಿಲ್ಲ, ಆದರೂ ಎದ್ದು ಹೋದ.

ಸಂತೆಯಿಂದ ಕುರಿ ತರುವ ಮೆಟಡೋರ್ ಗಾಡಿಯನ್ನು ಅಣ್ಣ ಫಿನಾಯಿಲು ಹಾಕಿ ತೊಳೆಸಿ, ಜಮಖಾನೆ ಹಾಸಿ, ಒಪ್ಪಿದ ಮನೆಗಳ ಮಕ್ಕಳನ್ನೆಲ್ಲ ಹತ್ತಿಸಿಕೊಂಡರು. ಎಷ್ಟು ತೊಳೆದರೂ ಕುರಿಯ ವಾಸನೆ ಹೋಗಿರಲಿಲ್ಲ. ಮಕ್ಕಳು ದಾರಿಯುದ್ದಕ್ಕೂ ಬ್ಯಾ ಬ್ಯಾ ಎಂದು ಕೂಗುತ್ತ ಬಂದವು. ಅಣ್ಣನೂ ಅವರ ಜೊತೆ ಟಗರಿನ ದನಿ ತೆಗೆದರು. ನಾನು ಮಾತ್ರ ನಗಲಾರದೆ ಮಗಳ ಕೈ ಹಿಡಿದುಕೊಂಡು ಕೂತಿದ್ದೆ.

ಬೇರೆ ಎಲ್ಲ ಮಕ್ಕಳ ಫೋಟೋ ಚೊಕ್ಕವಾಗಿತ್ತು. ನನ್ನ ಮಗಳ ಬಲ ಪುಪ್ಪುಸದಲ್ಲಿ ನಿಂಬೆಹಣ್ಣಿನಷ್ಟು ಗುಂಡನೆಯ ನೆರಳು. ಅವಳ ಮುಂಗೈಗೂ ಸೂಜಿ ಚುಚ್ಚಿದರು. ಆ ಪುಟ್ಟ ಕೈಯಲ್ಲಿ ಹಪ್ಪಳದ ಹಾಗೆ ದದ್ದು ಏಳುವುದನ್ನು ನಾನು ನೋಡಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದೆ. ಅಣ್ಣ ನೋಡಿದರು. ಅವಳ ಮುಂದೆ ನೆಲದ ಮೇಲೆ ಕೂತು, ಕೊನೆಯ ತನಕ ನೋಡಿದರು. ಅವಳು ಉರಿ ಎಂದು ಅತ್ತಾಗ ತಮ್ಮ ಮುಂಗೈಯ ಹಳೇ ಗುರುತು ತೋರಿಸಿ, ಜವಾನ ನಮ್ಮಿಬ್ಬರ ಎದೆಯೊಳಗೂ ಒಂದೊಂದು ಚೆಂಡು ಬಚ್ಚಿಟ್ಟಿದ್ದಾನೆ, ಮೊದಲು ನಿನ್ನ ಚೆಂಡನ್ನು ಡಾಕ್ಟರು ತೆಗೆದುಕೊಡುತ್ತಾರೆ, ಆಮೇಲೆ ನನ್ನದು ಎಂದರು.

ಹೊರಗೆ ಬಂದ ಮೇಲೆ ನಾನು ಅವರ ಕೈ ಹಿಡಿದು ಬೇಡಿಕೊಂಡೆ. ಇವಳ ಆಪರೇಷನ್ ಇಲ್ಲೇ ಬಳ್ಳಾರಿಯಲ್ಲಿ ಆಗುತ್ತದೆ, ನಾವು ಗಂಡ ಹೆಂಡತಿ ಇಬ್ಬರೂ ಇದ್ದೇವೆ, ನೀವು ಮದರಾಸಿಗೆ ಹೊರಡಿ ಎಂದೆ. ಡಾಕ್ಟರೂ ಅದನ್ನೇ ಹೇಳಿದ್ದರು. ಅಣ್ಣ ಒಲ್ಲೆನೆಂದು ತಲೆಯಾಡಿಸಿದರು. "ನಂದು ಹಳೇ ಗಿರಾಕಿ, ತಂಗೆಮ್ಮ. ಬಾಡಿಗಿ ಕೊಡದ ಬಾಡಿಗಿದಾರ. ಇಷ್ಟು ವರ್ಷ ಸುಮ್ಮನ ಕುಂತೈತಿ, ಇನ್ನೊಂದೀಟು ಕುಂದರ್ತೈತಿ. ಸಣ್ಣಮ್ಮಂದು ಹಂಗಲ್ಲ, ಅದು ಬೆಳಿಯೂದು. ಅದು ಚೊಕ್ಕ ಆಗಿದ್ದು ನೋಡದ ನಾ ಹ್ಯಾಂಗ ಹೋಗ್ಲಿ?" ಅಂದರು. ಯಾವತ್ತೂ ಟೀಚರಮ್ಮ ಎನ್ನುತ್ತಿದ್ದವರು ಅವತ್ತು ತಂಗೆಮ್ಮ ಎಂದರು. ನನಗೆ ಮುಂದೆ ವಾದಿಸುವ ಶಕ್ತಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಅವರು ಇರುತ್ತಾರೆ ಅಂದದ್ದು ನನಗೆ ದೊಡ್ಡ ಧೈರ್ಯವಾಗಿತ್ತು.

ಆಪರೇಷನ್ನಿಗೆ ದಿನ ಗೊತ್ತಾಗುವ ತನಕ ಊರಲ್ಲಿ ಇನ್ನೊಂದು ಗಲಾಟೆ. ನಾಯಿಗಳಿಗೆ ವಿಷ ಹಾಕಬೇಕೆಂದು ಓಣಿಯವರು ಪಟ್ಟು ಹಿಡಿದರು. ನನ್ನನ್ನೂ ಕರೆದು, ಮಗುವಿನ ತಾಯಿ ನೀನೇ ಹೇಳು ಎಂದರು. ಅಣ್ಣ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತ ನಿಂತಿದ್ದರು. ನನಗೆ ಆ ನಾಯಿಗಳ ಮೇಲೆ ಪ್ರೀತಿ ಉಳಿದಿತ್ತು ಅಂದರೆ ಸುಳ್ಳಾಗುತ್ತದೆ. ಆದರೆ ಎಸೆದದ್ದನ್ನು ತಿಂದದ್ದಷ್ಟೇ ಅವುಗಳ ಕೆಲಸ. ದನದಾಸ್ಪತ್ರೆಯಲ್ಲಿ ಹುಳದ ಗುಳಿಗೆ ಸಿಗುತ್ತದಂತೆ, ಕೊಟ್ಟು ನೋಡೋಣ ಎಂದೆ. ಅಣ್ಣ ಆಗಲೂ ತಲೆಯೆತ್ತಲಿಲ್ಲ, ಪಂಜೆಯ ಚುಂಗಿನಿಂದ ಮೂಗು ಒರೆಸಿಕೊಂಡರು.

ಅವತ್ತಿನಿಂದ ನಾಯಿಗಳಿಗೆ ಸರಪಣಿ, ಗುಳಿಗೆ, ಜೋಳದ ಸಂಗಟಿ. ಹಸಿ ಮಾಂಸದ ವಾಸನೆಯೂ ಇಲ್ಲ. "ತಹಸೀಲ್ದಾರ ದೀಕ್ಷೆ ತಗೊಂಡಾನ್ರಿ" ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಕಡಿಮೆ. ಮತ್ತೆ ಅಂಗಡಿ ತೆರೆದಿದ್ದರು, ಭಾರ ಎತ್ತಲು ಒಬ್ಬ ಆಳನ್ನಿಟ್ಟುಕೊಂಡಿದ್ದರು. ಅಂಗಡಿಯ ಹಿಂದೆ ಎದೆಮಟ್ಟದ ಗುಂಡಿ ತೋಡಿಸಿ, ಗುಳ್ಳೆ ಇದ್ದ ಕಲೀಜವನ್ನೆಲ್ಲ ಅದರಲ್ಲಿ ಹಾಕಿ, ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚುತ್ತಿದ್ದರು. ಬೇರೆ ಅಂಗಡಿಯವರು ಅದನ್ನು ನೋಡಿ, ಕಲೀಜಕ್ಕೂ ಸಮಾಧಿ ಕಟ್ಟುತ್ತಾನೆ ಎಂದು ನಗುತ್ತಿದ್ದರು.

ಮಗಳ ಆಪರೇಷನ್ ಚೆನ್ನಾಗಿ ಆಯಿತು. ಅಣ್ಣ ಆಸ್ಪತ್ರೆಯ ಮೊಗಸಾಲೆಯಲ್ಲೇ ಟವೆಲ್ಲು ಹಾಸಿಕೊಂಡು ಮಲಗುತ್ತಿದ್ದರು. ಅವಳಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು, ಚೆಂಡು ಎಲ್ಲಿ ಎಂದು. ಅಣ್ಣ ಹೊರಗೆ ಹೋಗಿ ಒಂದು ಬಿಳಿ ಚೆಂಡು ಕೊಂಡು ತಂದುಕೊಟ್ಟರು. ಇದು ಜವಾನನದು, ಅವನಿಗೇ ಕೊಡಬೇಕು ಎಂದು ಅವಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಅವಳನ್ನು ಮನೆಗೆ ಕರೆತಂದು, ಗಾಯ ಮಾಗಿ, ಕೊನೆಯ ಎಕ್ಸರೇಗೆ ಮತ್ತೆ ಬಳ್ಳಾರಿಗೆ ಹೋಗಿ ಬಂದೆವು. ಆ ಪ್ರಯಾಣಕ್ಕೂ ಅಣ್ಣ ಬಂದಿದ್ದರು. ಅದಾದ ಮೇಲೆ ಮದರಾಸಿಗೆ ಹೊರಡಲು ಇನ್ನು ಯಾವ ನೆಪವೂ ಉಳಿಯಲಿಲ್ಲ. ಅತ್ತಿಗೆ ಟ್ರಂಕಿಗೆ ಬಟ್ಟೆ ತುಂಬಿದರು. ನಮ್ಮವರು ರಜೆ ಹಾಕಿ ಜೊತೆಗೆ ಹೋಗುವುದೆಂದಾಯಿತು.

ಹೊರಡುವ ಮುನ್ನಾದಿನ ಬೆಳಿಗ್ಗೆ, ನಾನು ಸ್ಕೂಲಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಣ್ಣ ಅಂಗಡಿಯ ಹಿಂದಿನ ಗುಂಡಿಗೆ ಸುಣ್ಣ ಹಾಕಲು ಬಗ್ಗಿದವರು ಮೇಲೇಳಲಿಲ್ಲ. ನಾಯಿಗಳು ಒಟ್ಟಿಗೆ ಬೊಗಳಿದ್ದು ಕೇಳಿ ಓಡಿದೆವು. ಮೈಯೆಲ್ಲ ಕೆಂಪಗೆ ಉಬ್ಬಿತ್ತು, ಕಣ್ಣು ಮುಚ್ಚಿಹೋಗಿತ್ತು, ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ಜೀಪು ತರುವಷ್ಟರಲ್ಲಿ ಅದೂ ನಿಂತಿತು. ಅತ್ತಿಗೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈಯುತ್ತಲೇ ಇದ್ದರು. ಆಗಲೂ ಆ ಮನುಷ್ಯ ಜಗಳಕ್ಕೆ ಬರಲಿಲ್ಲ.

ಗುಳ್ಳೆ ಒಡೆಯಿತು ಎಂದರು ಊರಿನ ಡಾಕ್ಟರು. ಬಾಳಿನುದ್ದ ಯಾರ ಮೇಲೂ ತೋರಿಸದ ಸಿಟ್ಟನ್ನೆಲ್ಲ ಅವರ ಮೈ ಅವರ ಮೇಲೆಯೇ ತೀರಿಸಿಕೊಂಡಿತು. ಇದನ್ನು ಬರೆಯುವಾಗಲೂ ನನಗೆ ಆ ಮೈಯ ಮೇಲೆ ಸಿಟ್ಟು ಬರುತ್ತದೆ. ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಅಂದು ಜಗಳಕ್ಕೆ ಬಂದಿದ್ದ ದೊಡ್ಡಪ್ಪ, ಅಣ್ಣ ಅರ್ಧಕ್ಕೆ ಬಿಟ್ಟ ಸುಣ್ಣದ ಬುಟ್ಟಿಯನ್ನು ತಾನೇ ಎತ್ತಿ ಅಂಗಡಿಯ ಹಿಂದಿನ ಗುಂಡಿಗೆ ಸುರಿದ. ಆ ಮಳೆಗಾಲದೊಳಗೆ ಅವನ ಅಂಗಡಿಯ ಹಿಂದೆಯೂ ಗುಂಡಿ ಬಂತು. ಅತ್ತಿಗೆ ಹಡಗಲಿಯ ಮಗಳ ಮನೆಗೆ ಹೋದರು, ದೊಡ್ಡ ನಾಯಿಗಳೆರಡನ್ನೂ ಕರೆದುಕೊಂಡೇ ಹೋದರು. ಜವಾನ ನಮ್ಮಲ್ಲಿ ಉಳಿದ. ಗುಳಿಗೆ ನುಂಗಿಸುವ ಕೆಲಸ ನನ್ನದು, ಮುಟ್ಟಿದ ಮೇಲೆ ಮೊಳಕೈ ತನಕ ಸೋಪು ಹಚ್ಚಿ ತೊಳೆಯುವ ಕೆಲಸ ಮಗಳದು. ಅವಳಿಗೂ ಈಗ ಮಕ್ಕಳಿದ್ದಾರೆ. ಅವರಿಗೂ ಹಾಗೇ ಕಲಿಸಿದ್ದಾಳೆ.

ಕೊನೆಯ ಎಕ್ಸರೇಯ ದಿನದ ಒಂದು ಸಂಗತಿ ಬಿಟ್ಟಿದ್ದೇನೆ. ಅಂದು ಬೆಳಿಗ್ಗೆ ಬಸ್ಸಿಗೆ ಬಂದ ಅಣ್ಣನ ತೋಳು, ಕುತ್ತಿಗೆಯೆಲ್ಲ ಕಾವಿ. ಗಂಧೆ ಎದ್ದಿತ್ತು. ಏನು ಸ್ವಾಮಿಗಳು ಸವಾರಿ ಹೊರಟಿದ್ದೀರಿ ಎಂದು ನಮ್ಮವರು ತಮಾಷೆ ಮಾಡಿದರು, ಅಣ್ಣ ಕೈಯೆತ್ತಿ ಆಶೀರ್ವಾದ ಮಾಡಿದರು, ನಾವೆಲ್ಲ ನಕ್ಕೆವು. ಗುಳ್ಳೆ ಜಿನುಗಿದರೆ ಗಂಧೆ ಏಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವರೂ ಕೇಳಿದ್ದರು, ನಾನೂ ಕೇಳಿದ್ದೆ. ಮಗಳ ಫೋಟೋದ ಗುಂಗಿನಲ್ಲಿ ನನಗೆ ಅದು ನೆನಪಾಗಲಿಲ್ಲ. ಅವರಿಗೆ ನೆನಪಿತ್ತು ಎಂದೇ ನನ್ನ ನಂಬಿಕೆ. ಆಸ್ಪತ್ರೆಯಲ್ಲಿ ಅವರು ಡಾಕ್ಟರ ಕೋಣೆಯೊಳಗೆ ಬರದೆ ಹೊರಗೇ ನಿಂತರು.

ಫಿಲ್ಮು ಕೈಗೆ ಬಂದ ಮೇಲೆ ನಾನು ಹೊರಗೆ ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ಸರಿ ಮಾಡಲು ಹೋಗಲಿಲ್ಲ. ಕಣ್ಣು ಮುಚ್ಚಿ, ಆ ಹೆಬ್ಬೆರಳನ್ನು ಅವಳ ಪುಟ್ಟ ಪಕ್ಕೆಲುಬುಗಳ ಮೇಲೆ, ಅಂಚಿನಿಂದ ಅಂಚಿಗೆ, ನಿಧಾನವಾಗಿ ಒತ್ತುತ್ತ ಬಂದರು. ಬೆರಳು ಎಲ್ಲೂ ತಡೆಯಲಿಲ್ಲ. ಕಣ್ಣು ತೆರೆದು ಫಿಲ್ಮನ್ನು ನನ್ನ ಕೈಗೆ ಕೊಡುತ್ತ,

"ಚೊಕ್ಕ ಐತಿ, ಒಯ್ರಿ" ಅಂದರು.

ಆ ಫಿಲ್ಮು ಈಗಲೂ ನನ್ನ ಹತ್ತಿರ ಇದೆ. ಅದರ ಮೇಲೆ ಕಾವಿಯ ಹೆಬ್ಬೆರಳಿನ ಗುರುತು ಉಳಿದಿದೆ. ನಾನು ಒರೆಸಿಲ್ಲ.